ಕೊನೇ ಓವರಿನ ವೈಡ್‌ಗೆ ಬೈಸಿಕೊಂಡೆ. ಬೇಸ್‌ಬಾಲ್ ಅಂಪೈರ್‌ಗಳು ಇದನ್ನ ದಿನಾ ಹೇಗೆ ತಡಕೊಳ್ತಾರೆ?

ಕೋಡಿಬಾಗ_ಬ್ರೇಕ್‌ಕೇಬಲ್

ನಾನು ಕಾರವಾರದ ಕೋಡಿಬಾಗದವ. ಬೈಕ್ ಸ್ಪೇರ್‌ಪಾರ್ಟ್ಸ್ ಅಂಗಡಿ ಇದೆ. ಭಾನುವಾರ ಬಂತು ಅಂದ್ರೆ ಟೆನಿಸ್ ಬಾಲ್ ಟೂರ್ನಮೆಂಟಲ್ಲಿ ಅಂಪೈರಿಂಗ್. ದಿನಕ್ಕೆ 500 ರೂಪಾಯಿ, ಮಧ್ಯಾಹ್ನ ಬಂಗಡೆ ಸಾರು-ಅನ್ನ, ಸಂಜೆ ಬೈಗುಳ. 14 ವರ್ಷದಿಂದ ಇದೇ ಲೆಕ್ಕ, ಬೇಜಾರೇನೂ ಇಲ್ಲ.

ಆದ್ರೆ ಹೋದ ಭಾನುವಾರದ್ದು ಇನ್ನೂ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗಿದೆ. ಕಾಳಿ ನದಿಯಾಚೆ, ಸದಾಶಿವಗಡದ ಕಡೆ ಕೊಯ್ಲಾದ ಗದ್ದೆಯಲ್ಲಿ ಫೈನಲ್. ಗದ್ದೆ ಯಾವ ಕಡೆ ಉದ್ದ ಇದೆಯೋ ಆ ಕಡೆಗೇ ಪಿಚ್ ಹಾಕ್ತಾರೆ, ಇಲ್ಲಿ ಅದು ಪೂರ್ವ-ಪಶ್ಚಿಮ. ಐದೂವರೆ ಆಗ್ತಿದ್ದ ಹಾಗೆ ಸೂರ್ಯ ನೇರ ನನ್ನ ಮುಖಕ್ಕೆ. ಬೆಳಿಗ್ಗೆ ಸುಣ್ಣದಲ್ಲಿ ಎಳೆದ ವೈಡ್ ಗೆರೆ ಕಾಲಡಿ ಸವೆದು ಸವೆದು, ಇತ್ತು ಅಂತ ನೆನಪಿದ್ದವರಿಗೆ ಮಾತ್ರ ಕಾಣುವ ಹಾಗಾಗಿತ್ತು. 2 ಬಾಲಿಗೆ 3 ರನ್ ಬೇಕು. ಬೌಲರ್ ಆಫ್ ಕಡೆ ದೂರದಲ್ಲಿ ಯಾರ್ಕರ್ ಹಾಕಿದ, ಬ್ಯಾಟ್ಸ್‌ಮನ್ ಬೀಸಿದ, ತಾಗ್ಲಿಲ್ಲ. ನಾನು ಎರಡೂ ಕೈ ಚಾಚಿದೆ.

ಬೌಲರ್ ಸ್ಟಂಪ್ ಕಿತ್ತು ಗದ್ದೆ ಬದುವಿಗೆ ಎಸೆದ. ಪೆಂಡಾಲಿನಿಂದ ನನ್ನ ಕನ್ನಡಕದ ನಂಬರ್ ವಿಚಾರಿಸಿದ್ರು, ಕೊಂಕಣಿಯಲ್ಲಿ ನನ್ನ ಅಪ್ಪನನ್ನೂ ವಿಚಾರಿಸಿದ್ರು. ಅದೆಲ್ಲ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಗ್ತದೆ. ಕ್ಯಾಪ್ಟನ್ ಮಾತ್ರ ಹತ್ರ ಬಂದು, ದನಿ ಏರಿಸದೆ, "ಅಣ್ಣಾ, ನಮ್ಮ ಬ್ಯಾಟಿಂಗಲ್ಲಿ ಇದೇ ಬಾಲ್ ಬಿಟ್ರಿ" ಅಂದ.

ಬಿಟ್ಟಿದ್ದೆ. ನಾಲ್ಕನೇ ಓವರಲ್ಲಿ, ಅಷ್ಟೇ ದೂರದ ಬಾಲು. ಆಗ ಸೂರ್ಯ ಮೇಲಿದ್ದ, ಗೆರೆಯೂ ಇತ್ತು. ಮುಂದಿನ ಬಾಲಿಗೆ ಎರಡು ರನ್ ಓಡಿ ಮ್ಯಾಚ್ ಮುಗಿಸಿದ್ರು.

ಈಗ ಬೇಸ್‌ಬಾಲ್ ಎಲ್ಲಿಂದ ಬಂತು ಅಂದ್ರೆ, ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಮಾವನಿಗೆ ಸಮಾಧಾನ ಆಗ್ಲಿ ಅಂತ ಕ್ಲಿಪ್ ಕಳಿಸ್ತಾನೆ. ಒಂದು ನೋಡಿದೆ: 2022ರ ಏಪ್ರಿಲ್, ಫಿಲಡೆಲ್ಫಿಯಾದ ಕೈಲ್ ಶ್ವಾರ್ಬರ್‌ಗೆ ಒಂಬತ್ತನೇ ಇನ್ನಿಂಗ್ಸಲ್ಲಿ ಮೂರನೇ ಸ್ಟ್ರೈಕ್, ಅಂದ್ರೆ ಔಟ್ ಕೊಟ್ರು. ಆ ಮನುಷ್ಯ ಬ್ಯಾಟ್ ಎಸೆದ, ಹೆಲ್ಮೆಟ್ ಎಸೆದ, ಆಮೇಲೆ ಕೈ ಅಡ್ಡ ಬೀಸಿ, ಮೇಲೆತ್ತಿ, ಕೆಳಗಿಳಿಸಿ, ಇವತ್ತು ಎಲ್ಲೆಲ್ಲಿ ತಪ್ಪು ಕೊಟ್ಟಿದ್ದೀಯ ಅಂತ ಅಭಿನಯ ಮಾಡಿ ತೋರಿಸಿದ. ಬಣ್ಣದ ವೇಷ ರಂಗಕ್ಕೆ ಬಂದ ಹಾಗೆ! ಅವನ ಸಿಟ್ಟು ತನ್ನ ಒಂದು ಬಾಲಿನ ಮೇಲಲ್ಲ, ಇಡೀ ರಾತ್ರಿಯ ಮೇಲೆ. ಹೊರಗೆ ಕಳಿಸಿದ್ರು. ಅವರ ಟೀಮ್ 1-0ಯಲ್ಲಿ ಸೋತಿತು.

ಈಗ ಬೆಳಿಗ್ಗೆ ಐದಕ್ಕೆ ಎದ್ದು ಚಹಾ ಹಿಡ್ಕೊಂಡು ಪೂರ್ತಿ ಆಟವನ್ನೇ ನೋಡ್ತೇನೆ. ಆಟ ಅರ್ಧ ಅರ್ಥ ಆಗ್ತದೆ, ಅಂಪೈರ್ ಪೂರ್ತಿ ಅರ್ಥ ಆಗ್ತಾನೆ. ನನಗೆ ಓವರಿಗೆ ಒಂದೆರಡು ವೈಡ್ ತಲೆನೋವು. ಅವನಿಗೆ ಹೊಡೆಯದೆ ಬಿಟ್ಟ ಪ್ರತಿ ಬಾಲೂ ವೈಡ್ ಹೌದೋ ಅಲ್ಲವೋ ಅನ್ನುವ ತಲೆನೋವು. ಇದನ್ನ ಹತ್ತಿರದಿಂದ ಬಲ್ಲವರು ಇದ್ರೆ ಹೇಳಿ: ಅಲ್ಲಿ ಸ್ಟ್ರೈಕ್ ಬಗ್ಗೆ ಬಾಯಿ ಬಿಟ್ಟವನನ್ನ ಅಷ್ಟು ಬೇಗ ಹೊರಗೆ ಹಾಕೋದು ಯಾಕೆ? ಮತ್ತೆ, ಮೊದಲ ಬಾಲಿನಿಂದ ಕೊನೇ ಬಾಲಿನ ತನಕ ಒಂದೇ ಅಳತೆ ಕಣ್ಣಲ್ಲಿ ಇಟ್ಕೊಳ್ಳೋದು ಹೇಗೆ?

ಶಿರಸಿ_ಭಾವ

ನಮ್ಮ ಊರ ಕಡೆ ಈ ಸಮಸ್ಯೆಯೇ ಇಲ್ಲ ಭಾವಾ. ಬ್ಯಾಟಿಂಗ್ ಟೀಮಿನವನೇ ಅಂಪೈರ್. ಎಲ್ಲಾ ಬಾಲೂ ವೈಡ್.

ತಮಾಷೆ ಇರ್ಲಿ, ಎಂತಕ್ಕೆ ತಲೆ ಕೆಡಿಸ್ಕೊಳ್ತೀರಿ? ಅಮೆರಿಕದಲ್ಲಿ ಈಗ ಮಷಿನ್ ಬಂದಿದೆ ಅಂತಲ್ಲ. ಕ್ಯಾಮೆರಾ ಇಟ್ರೆ ಜಗಳ ಮುಗೀತು. ಅಡಿಕೆ ತೂಕಕ್ಕೆ ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೆ ಯಾರಾದ್ರೂ ತಕ್ಕಡಿ ಬಗ್ಗೆ ಮಾತಾಡ್ತಾರಾ?

ಕುಮಟಾ_ಸದ್ಯ_ಚಿಕಾಗೊ

ಕಾಟಾ ಬಂದ ಮೇಲೆ ಅಡಿಕೆಯ ತೇವದ ಬಗ್ಗೆ ಜಗಳ ಶುರು ಆಯ್ತು, ಮರೆತ್ರಾ ಭಾವಾ? ಇಲ್ಲೂ ಅದೇ ಕಥೆ.

ಕೋಡಿಬಾಗದ ಅಣ್ಣಾ, ನಾನು ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಬೇಸ್‌ಬಾಲ್ ಹುಚ್ಚು ಹಿಡಿದಿದೆ. ಗೊತ್ತಿರುವಷ್ಟು ಹೇಳ್ತೇನೆ.

ಸ್ಟ್ರೈಕ್ ಚೌಕ ಅಂತ ಒಂದು ಇದೆ. ಹೊಡೆಯದೆ ಬಿಟ್ಟದ್ದು ಅದರೊಳಗೆ ಬಂದ್ರೆ ಸ್ಟ್ರೈಕ್, ಹೊರಗೆ ಹೋದ್ರೆ "ಬಾಲ್"; ಮೂರು ಸ್ಟ್ರೈಕಿಗೆ ಔಟ್, ನಾಲ್ಕು "ಬಾಲ್" ಆದ್ರೆ ಬ್ಯಾಟ್ಸ್‌ಮನ್‌ಗೆ ಮೊದಲ ಬೇಸ್ ಪುಕ್ಕಟೆ. ಆದ್ರೆ ಆ ಚೌಕ ಎಲ್ಲೂ ಬರೆದಿಲ್ಲ, ಗಾಳಿಯಲ್ಲಿದೆ. ಕಷ್ಟ ಅಲ್ಲೇ. ಅಗಲಕ್ಕೆ ಮಾತ್ರ ಒಂದು ಆಧಾರ: ನೆಲದಲ್ಲಿರುವ ಬಿಳಿ ಪ್ಲೇಟು, 17 ಇಂಚು. ಎತ್ತರ ಆಟಗಾರನ ಮೈಯಿಂದ ಬರ್ತದೆ: ಕೆಳಗೆ ಮಂಡಿಚಿಪ್ಪಿನ ಅಡಿಯ ತಗ್ಗು, ಮೇಲೆ ಭುಜಕ್ಕೂ ಪ್ಯಾಂಟಿನ ಸೊಂಟಕ್ಕೂ ನಡುವಿನ ಬಿಂದು. ಅದೂ ಅವನು ಹೊಡೀಲಿಕ್ಕೆ ಬಗ್ಗಿ ನಿಂತಾಗ ಇರುವ ಹಾಗೆ. ಅಂದ್ರೆ ಪ್ರತಿ ಬ್ಯಾಟ್ಸ್‌ಮನ್ ಬಂದಾಗಲೂ ಚೌಕ ಬೇರೆ. 1951ರಲ್ಲಿ ಸೇಂಟ್ ಲೂಯಿಸ್ ಬ್ರೌನ್ಸ್ ಟೀಮಿನವರು ಎಡ್ಡಿ ಗೇಡೆಲ್ ಅನ್ನುವ 3 ಅಡಿ 7 ಇಂಚಿನವನನ್ನ ಬ್ಯಾಟಿಂಗ್‌ಗೆ ಕಳಿಸಿದ್ರು. ಅಷ್ಟು ಚಿಕ್ಕ ಚೌಕಕ್ಕೆ ಯಾರು ಹಾಕ್ತಾರೆ? ನಾಲ್ಕೂ ಬಾಲ್ ಹೊರಗೆ ಹೋಯ್ತು, ಬ್ಯಾಟ್ ಬೀಸದೆ ಮೊದಲ ಬೇಸಿಗೆ ನಡ್ಕೊಂಡು ಹೋದ.

ಇನ್ನು ಆ ಬಾಲು 60 ಅಡಿ 6 ಇಂಚು ದೂರದಿಂದ, ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ, ಕೊನೇ ಗಳಿಗೆಯಲ್ಲಿ ಬಾಗ್ತಾ ಬರ್ತದೆ. ಕೈ ಬಿಟ್ಟ ಮೇಲೆ ಸಿಗೋದು ಸುಮಾರು 0.4 ಸೆಕೆಂಡು. ಸಾಲದ್ದಕ್ಕೆ ಅಂಪೈರ್ ಮುಂದೆ ಕೂತ ಕ್ಯಾಚರ್, ನಮ್ಮ ಕೀಪರ್ ಥರದವನು, ಇದ್ದಾನಲ್ಲ, ಅವನು ಹೊರಗೆ ಹೋದ ಬಾಲನ್ನ ಹಿಡಿಯುವಾಗಲೇ ಗ್ಲೌಸನ್ನ ಸದ್ದಿಲ್ಲದೆ ಒಳಗೆ ತರ್ತಾನೆ. ಮೀನು ತೂಗುವಾಗ ತಕ್ಕಡಿಗೆ ಹೆಬ್ಬೆರಳು ತಾಗಿಸಿದ ಹಾಗೆ. ಫ್ರೇಮಿಂಗ್ ಅಂತಾರೆ, ಅದು ಮೋಸ ಅಂತ ಲೆಕ್ಕವಿಲ್ಲ, ಅದೇ ಕೈಚಳಕಕ್ಕೆ ಸಂಬಳ ಸಿಗ್ತದೆ. ಹೋಸೆ ಮೊಲಿನಾ ಅಂತ ಒಬ್ಬ ಕ್ಯಾಚರ್ ಇದಕ್ಕೇ ಹೆಸರುವಾಸಿ.

ಇಷ್ಟಾದ್ರೂ ಅಂಪೈರ್‌ಗಳು ನೂರಕ್ಕೆ 90ಕ್ಕಿಂತ ಹೆಚ್ಚು ಸರಿ ಕೊಡ್ತಾರೆ. ಉಳಿದದ್ದಕ್ಕೆ ಬೈಸಿಕೊಳ್ತಾರೆ.

ಹೊರಗೆ ಹಾಕೋದು ಯಾಕೆ ಅಂದ್ರಿ. ಒಂದು ಆಟದಲ್ಲಿ ಎರಡೂ ಕಡೆ ಸೇರಿ 300ರ ಹತ್ತಿರ ಬಾಲ್ ಬೀಳ್ತದೆ. ಒಂದೊಂದಕ್ಕೂ ವಾದ ಬಿಟ್ರೆ ಯಕ್ಷಗಾನದ ಹಾಗೆ ಬೆಳಗಾಗ್ತದೆ. ಅದಕ್ಕೇ ನಿಯಮ: ಬಾಲ್-ಸ್ಟ್ರೈಕ್ ಬಗ್ಗೆ ವಾದಿಸ್ಲಿಕ್ಕೆ ಜಾಗ ಬಿಟ್ಟು ಬರುವಂತಿಲ್ಲ, ಎಚ್ಚರಿಕೆ ಕೊಟ್ಟ ಮೇಲೂ ಬಂದ್ರೆ ಹೊರಗೆ. ಅಟ್ಲಾಂಟಾದ ಮ್ಯಾನೇಜರ್ ಆಗಿದ್ದ ಬಾಬಿ ಕಾಕ್ಸ್ ತಮ್ಮ ಕಾಲದಲ್ಲಿ 150ಕ್ಕೂ ಹೆಚ್ಚು ಸಲ ಹೀಗೆ ಹೊರಗೆ ನಡೆದವರು. ಆಟಗಾರ ಸಿಟ್ಟಾಗಿ ಬಾಯಿ ಬಿಡುವ ಮೊದಲು ತಾನೇ ಹೋಗಿ ಅಡ್ಡ ನಿಲ್ಲೋರು.

ಬರೆಯದ ನಿಯಮವೂ ಒಂದಿದೆ, ಅದು ನನಗೆ ಇಷ್ಟ. ಬ್ಯಾಟ್ಸ್‌ಮನ್ ಬೌಲರ್ ಕಡೆಗೇ ಮುಖ ಇಟ್ಕೊಂಡು ಗೊಣಗಿದ್ರೆ ಅಂಪೈರ್ ಕೇಳಿಸಿಕೊಂಡೂ ಸುಮ್ಮನಿರ್ತಾನೆ. ತಿರುಗಿ ಮುಖ ನೋಡಿದನೋ, ಬ್ಯಾಟಿನ ತುದಿಯಲ್ಲಿ ಮಣ್ಣಿನ ಮೇಲೆ ಗೆರೆ ಎಳೆದು "ಬಾಲ್ ಇಲ್ಲಿ ಹೋಯ್ತು" ಅಂತ ತೋರಿಸಿದನೋ, ಮುಗೀತು. ಬೈದದ್ದಕ್ಕಲ್ಲ, ಮೂವತ್ತು ಸಾವಿರ ಜನರ ಎದುರು ತೋರಿಸಿದ್ದಕ್ಕೆ.

ಹೊನ್ನಾವರ_ಓಪನರ್

ಹೊರಗೆ ಹಾಕೋದು ಎಲ್ಲಾ ಕಡೆ ಇದೆ. 2023ರ ಜುಲೈಯಲ್ಲಿ ಮೀರ್‌ಪುರದಲ್ಲಿ ಔಟ್ ಕೊಟ್ಟದ್ದಕ್ಕೆ ಹರ್ಮನ್‌ಪ್ರೀತ್ ಕೌರ್ ಬ್ಯಾಟಲ್ಲಿ ಸ್ಟಂಪಿಗೆ ಹೊಡೆದ್ರಲ್ಲ, ಎರಡು ಪಂದ್ಯ ನಿಷೇಧ ಆಯ್ತು. 2019ರ ಐಪಿಎಲ್‌ನಲ್ಲಿ ಜೈಪುರದಲ್ಲಿ ನೋಬಾಲ್ ವಿಷಯಕ್ಕೆ ಧೋನಿಯೇ ಮೈದಾನಕ್ಕೆ ನುಗ್ಗಿದ್ರು. ಧೋನಿ! ಅರ್ಧ ಪಂದ್ಯ ಶುಲ್ಕ ಕಟ್ಟಿದ್ರು.

ಬ್ಯಾಟ್ಸ್‌ಮನ್ ಆಗಿ ಒಂದು ಮಾತು ಅಣ್ಣಾ. ನನ್ನ ಕಡೆಯವರಿಗೆ ತಪ್ಪು ಕೊಟ್ರೆ ಒಂದು ದಿನ ಸಿಟ್ಟು. ಅದೇ ಬಾಲು ಅವರಿಗೆ ಒಂದು ಥರ, ನಮಗೆ ಒಂದು ಥರ ಆದ್ರೆ ವರ್ಷಗಟ್ಟಲೆ ಮರೆಯೋದಿಲ್ಲ. ನಿಮ್ಮ ಆ ಕ್ಯಾಪ್ಟನ್ ಸಭ್ಯ ಮನುಷ್ಯ.

ಕೋಡಿಬಾಗ_ಬ್ರೇಕ್‌ಕೇಬಲ್

ಅದೇ ಮಾರಾಯ್ರೆ ನನ್ನ ನಿದ್ದೆ ಕೆಡಿಸಿದ್ದು.

ಕುಮಟಾದವರೇ, 17 ಇಂಚು ಅಂದ್ರಲ್ಲ, ಓದಿ ನಕ್ಕೆ. ಒನ್‌ಡೇಯಲ್ಲಿ ವೈಡ್ ಗೆರೆ ಎಳೆಯೋದೂ ರಿಟರ್ನ್ ಕ್ರೀಸಿನಿಂದ ಒಳಗೆ 17 ಇಂಚಿಗೇ. ಮಧ್ಯದ ಸ್ಟಂಪಿನಿಂದ ಅಳೆದ್ರೆ 35. ಎರಡು ಆಟದಲ್ಲೂ ಅಂಪೈರ್‌ನ ಕುತ್ತಿಗೆಗೆ ಬಂದದ್ದು ಒಂದೇ ನಂಬರ್. ನಮ್ಮ ಟೂರ್ನಮೆಂಟಲ್ಲಿ ಮಾತ್ರ ಸುಣ್ಣದ ಡಬ್ಬಿ ಹಿಡಿದವನ ಅಂದಾಜು.

ಆ ಮಷಿನ್ ಕಥೆ ಸ್ವಲ್ಪ ಬಿಡಿಸಿ ಹೇಳಿ. ಶಿರಸಿ ಭಾವ ಅಂದ ಹಾಗೆ ಜಗಳ ಮುಗೀತಾ?

ಕುಮಟಾ_ಸದ್ಯ_ಚಿಕಾಗೊ

ಮುಗೀಲಿಲ್ಲ, ಜಾಗ ಬದಲಾಯ್ತು.

2026ರ ಸೀಸನ್ನಿಂದ ಮೇಜರ್ ಲೀಗಲ್ಲಿ ಬಂದದ್ದು ಪೂರ್ತಿ ಮಷಿನ್ ಅಲ್ಲ, ನಮ್ಮ ಡಿಆರ್‌ಎಸ್ ಥರದ್ದು. ಕ್ಯಾಮೆರಾ ತಂತ್ರವೂ ಅದೇ ಹಾಕ್‌ಐ. ಅಂಪೈರ್ ಕೂಗ್ತಾನೆ, ಒಪ್ಪದಿದ್ರೆ ಬೌಲರ್, ಕ್ಯಾಚರ್, ಬ್ಯಾಟ್ಸ್‌ಮನ್ ಈ ಮೂವರಲ್ಲಿ ಒಬ್ಬ ಕೂಡಲೇ ತನ್ನ ತಲೆ ತಟ್ಟಬೇಕು. ಹೊರಗೆ ಕೂತವರು ಸನ್ನೆ ಮಾಡುವಂತಿಲ್ಲ. ಟೀಮಿಗೆ ಎರಡು ಸಲ, ಗೆದ್ರೆ ಉಳೀತದೆ, ಸೋತ್ರೆ ಹೋಯ್ತು. ದೊಡ್ಡ ಪರದೆಯಲ್ಲಿ ಚೌಕ ಬಿಡಿಸಿ ಬಾಲ್ ತೋರಿಸ್ತಾರೆ, ಕೆಲವೇ ಸೆಕೆಂಡು.

ಆ ಚೌಕ ನಿಯಮ ಪುಸ್ತಕದ ಚೌಕ ಅಲ್ಲ ಅನ್ನೋದನ್ನ ಗಮನಿಸಿ. ಆಟಗಾರನ ಎತ್ತರ ಅಳೆದು ಇಟ್ಟಿದ್ದಾರೆ: ಮೇಲ್ಗಡೆ ಎತ್ತರದ ನೂರಕ್ಕೆ 53.5, ಕೆಳಗಡೆ ನೂರಕ್ಕೆ 27. ಬಗ್ಗಿ ನಿಲ್ಲಿ, ನೆಟ್ಟಗೆ ನಿಲ್ಲಿ, ಲೆಕ್ಕ ಅದೇ. 6 ಅಡಿಯವನಿಗೆ ಸುಮಾರು ಹತ್ತೊಂಬತ್ತೂವರೆ ಇಂಚಿನಿಂದ ಮೂವತ್ತೆಂಟೂವರೆ ತನಕ. ಅದೂ ಪ್ಲೇಟಿನ ನಟ್ಟನಡುವೆ ಒಂದು ಗಾಜು ನಿಲ್ಲಿಸಿದ ಹಾಗೆ ಅಳೀತಾರೆ. ಪ್ಲೇಟಿನ ಮುಂದಿನ ಮೂಲೆಯನ್ನು ಮುಟ್ಟಿ ಹೊರಗೆ ಹೊರಳಿದ ಬಾಲ್ ಪುಸ್ತಕದ ಪ್ರಕಾರ ಸ್ಟ್ರೈಕ್, ಮಷಿನ್ ಪ್ರಕಾರ ಅಲ್ಲದೆ ಇರಬಹುದು. ಈಗ ಜಗಳ ಅಂಪೈರ್ ಹತ್ರ ಅಲ್ಲ, ಸ್ವಂತ ಟೀಮಲ್ಲೇ: "ಎರಡನೇ ಇನ್ನಿಂಗ್ಸಲ್ಲೇ ತಲೆ ಯಾಕೆ ತಟ್ಟಿದೆ ಮಾರಾಯಾ?"

ದಕ್ಷಿಣ ಕೊರಿಯಾದವರು 2024ರಲ್ಲೇ ಪೂರ್ತಿ ಮಷಿನ್ ತಂದ್ರು. ಅಂಪೈರ್ ಕಿವಿಯಲ್ಲಿ ಒಂದು ಯಂತ್ರ, ಅದು ಹೇಳಿದ್ದನ್ನ ಅವನು ಕೂಗ್ಬೇಕು, ಅಷ್ಟೇ. ಏಪ್ರಿಲ್ ತಿಂಗಳಲ್ಲೇ ಒಂದು ಆಟದಲ್ಲಿ ಮಷಿನ್ ಸ್ಟ್ರೈಕ್ ಅಂತು, ಅಂಪೈರ್ ಬಾಲ್ ಅಂದ. ತಕರಾರು ಬಂತು. ಅಂಪೈರ್‌ಗಳು ಗುಂಪು ಕೂಡಿ, ಬಾಲ್ ಅಂತಲೇ ಕೇಳಿಸ್ತು ಅಂತ ಹೇಳುವ, ಇಲ್ಲದಿದ್ರೆ ನಮಗೆ ಉಳಿಗಾಲ ಇಲ್ಲ ಅನ್ನುವ ಅರ್ಥದಲ್ಲಿ ಮಾತಾಡಿಕೊಂಡದ್ದು ಟಿವಿ ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ಒಬ್ಬರ ಕೆಲಸವೇ ಹೋಯ್ತು. ಬಾಲ್ ತಪ್ಪು ಕೂಗಿದ್ದಕ್ಕೆ ಹೋಗ್ತಿರಲಿಲ್ಲ.

ನಿಮ್ಮ ಕೊನೇ ಓವರಿನ ಬಗ್ಗೆ ಒಂದು ಮಾತು. ಕ್ಯಾಮೆರಾ ದಾಖಲೆಗಳನ್ನ ಅಭ್ಯಾಸ ಮಾಡಿದವರು ಕಂಡುಕೊಂಡದ್ದು: 3 ಬಾಲ್ 0 ಸ್ಟ್ರೈಕ್ ಆಗಿದ್ದಾಗ ಅಂಪೈರ್‌ನ ಚೌಕ ತಾನಾಗೇ ಹಿಗ್ಗುತ್ತದೆ, 2 ಸ್ಟ್ರೈಕ್ ಆಗಿ ಬಾಲ್ ಒಂದೂ ಇಲ್ಲದಾಗ ಕುಗ್ಗುತ್ತದೆ. ಯಾರಿಗೂ ಬೇಕು ಅಂತ ಇರೋದಿಲ್ಲ. ಆಟದ ಗತಿಯನ್ನೇ ತಿರುಗಿಸುವ ತೀರ್ಪು ತನ್ನ ಬಾಯಿಂದ ಬರಲಿಕ್ಕೆ ಮನುಷ್ಯ ಹಿಂಜರೀತಾನೆ. ನಿಮ್ಮದು ಅದರ ಉಲ್ಟಾ ಆಯ್ತೋ, ಸೂರ್ಯನದ್ದೋ, ನೀವೇ ಹೇಳ್ಬೇಕು.

ಅಂಕೋಲಾ_ಪಿಟಿ_ಟೀಚರ್

ಎಲ್ಲಾ ಓದಿದೆ. ನಾನು ಶಾಲಾ ಮಕ್ಕಳಿಗೆ ಸಾಫ್ಟ್‌ಬಾಲ್ ಕಲಿಸಿ, ಪ್ಲೇಟ್ ಅಂಪೈರ್ ಆಗಿ ನಿಂತವಳು. ಮಂಡಿ ಎರಡೂ ಸಾಕ್ಷಿ ಹೇಳ್ತಾವೆ. ಸಿದ್ಧಾಂತ ಸಾಕು, ನಿಂತು ಕಲಿತದ್ದನ್ನ ಹೇಳ್ತೇನೆ.

ಕ್ಯಾಚರ್ ಬೆನ್ನಿಗೆ ನೇರ ನಿಂತ್ರೆ ಏನೂ ಕಾಣೋದಿಲ್ಲ. ಕ್ಯಾಚರ್‌ಗೂ ಬ್ಯಾಟ್ಸ್‌ಮನ್‌ಗೂ ನಡುವೆ ಒಂದು ಸಂದು ಇರ್ತದೆ, ಅಲ್ಲಿ ತಲೆ ಇಡಬೇಕು, ಗದ್ದ ಕ್ಯಾಚರ್ ತಲೆಗಿಂತ ಸ್ವಲ್ಪ ಮೇಲೆ. ಪ್ರತಿ ಬಾಲಿಗೂ ಅದೇ ಎತ್ತರ. ಸುಸ್ತಾದ ಹಾಗೆ ನಾವು ಗೊತ್ತಿಲ್ಲದೆ ನೆಟ್ಟಗಾಗ್ತೇವೆ, ಕಣ್ಣು ಎರಡು ಇಂಚು ಮೇಲೆ ಹೋದ್ರೆ ಕೆಳಗಿನ ಬಾಲೆಲ್ಲ ಬೇರೆ ಕಾಣ್ತದೆ. ನೀವು ಮೊದಲ ಓವರಲ್ಲಿ ಎಲ್ಲಿ ನಿಂತಿದ್ರಿ, ಕೊನೇ ಓವರಲ್ಲಿ ಎಲ್ಲಿ ನಿಂತಿದ್ರಿ? ಬಿಸಿಲು ತಪ್ಪಿಸ್ಲಿಕ್ಕೆ ಒಂದು ಹೆಜ್ಜೆ ಬದಿಗೆ ಸರಿದಿದ್ರಾ? ನಾನು ಪಂಥ ಕಟ್ತೇನೆ, ಸರಿದಿದ್ರಿ.

ಎರಡನೇದು, ಬೇಗ ಕೂಗಬೇಡಿ. ಬಾಲ್ ಗ್ಲೌಸ್ ಸೇರಲಿ, ಬಂದ ದಾರಿಯನ್ನ ಮನಸ್ಸಲ್ಲಿ ಇನ್ನೊಮ್ಮೆ ಓಡಿಸಿ, ಆಮೇಲೆ ಕೈ. ನೋಡುವವರಿಗೆ ತಡ ಅನ್ನಿಸ್ಲಿ, ಪರವಾಗಿಲ್ಲ.

ಮೂರನೇದು ಎಲ್ಲಕ್ಕಿಂತ ಕಷ್ಟ. ತಪ್ಪಾಯ್ತು ಅಂತ ಗೊತ್ತಾದ ಕೂಡಲೇ ಇನ್ನೊಂದು ಕಡೆಗೆ ಒಂದು ಕೊಟ್ಟು ಸರಿ ಮಾಡುವ ಆಸೆ ಬರ್ತದೆ. ಮಾಡಿದ್ರೋ, ಒಂದಿದ್ದ ತಪ್ಪು ಎರಡಾಯ್ತು, ಅದೂ ಎರಡನೇದು ಬೇಕಂತಲೇ ಮಾಡಿದ್ದು.

2010ರ ಜೂನ್ 2ರಂದು ಡೆಟ್ರಾಯ್ಟ್‌ನಲ್ಲಿ ಆದದ್ದು ನಿಮ್ಮ ಅಳಿಯನಿಗೆ ಗೊತ್ತಿರ್ತದೆ. ಅರ್ಮಾಂಡೊ ಗಲರಾಗಾ 26 ಜನರನ್ನ ಒಬ್ಬನೂ ಬೇಸ್ ಮುಟ್ಟದ ಹಾಗೆ ಔಟ್ ಮಾಡಿದ್ದ, ಇನ್ನೊಬ್ಬ ಔಟಾದ್ರೆ ಪರ್ಫೆಕ್ಟ್ ಗೇಮ್, ಬಹಳ ಅಪರೂಪದ ಸಾಧನೆ. ಆ ಕೊನೆಯವನೂ ಔಟೇ, ಆದ್ರೆ ಮೊದಲ ಬೇಸಿನ ಅಂಪೈರ್ ಜಿಮ್ ಜಾಯ್ಸ್ ಸೇಫ್ ಅಂದ್ರು. ಗಲರಾಗಾ ಎಗರಾಡ್ಲಿಲ್ಲ. ನಕ್ಕ, ಹೋಗಿ ಮುಂದಿನವನಿಗೆ ಬಾಲ್ ಹಾಕಿದ. ಆಟ ಮುಗಿದ ಮೇಲೆ ಜಾಯ್ಸ್ ರಿಪ್ಲೇ ನೋಡಿ, ನಾನೇ ಆ ಹುಡುಗನದ್ದು ಕಿತ್ಕೊಂಡೆ ಅಂತ ಒಪ್ಪಿಕೊಂಡ್ರು. ಮರುದಿನ ಅವರೇ ಪ್ಲೇಟ್ ಹಿಂದೆ. ಟೀಮ್ ಪಟ್ಟಿ ತಂದು ಕೊಡ್ಲಿಕ್ಕೆ ಗಲರಾಗಾನೇ ಬಂದ. ಜಾಯ್ಸ್ ಕಣ್ಣೊರೆಸಿಕೊಳ್ತಾ ತಗೊಂಡ್ರು.

ನೀವು ಆ ಕ್ಯಾಪ್ಟನ್ ಹತ್ರ ಮಾತಾಡಿದ್ರಾ?

ಶಿರಸಿ_ಭಾವ

ಟೀಚರ್ ಕೇಳಿದ್ದಕ್ಕೆ ಉತ್ತರ ಬರ್ಲಿ. ನಾನು ಕಾಟಾ ವಾಪಸ್ ತಗೊಂಡೆ.

ಕೋಡಿಬಾಗ_ಬ್ರೇಕ್‌ಕೇಬಲ್

ತಡ ಆಯ್ತು, ಕ್ಷಮಿಸಿ. ಮಧ್ಯೆ ಒಂದು ಭಾನುವಾರ ಹೋಯ್ತು.

ಟೀಚರ್, ಪಂಥ ನೀವು ಗೆದ್ರಿ. ಯಾರೋ ಮೊಬೈಲಲ್ಲಿ ತೆಗೆದ ವಿಡಿಯೋ ನೋಡಿದೆ. ಕೊನೇ ಓವರಲ್ಲಿ ನಾನು ಸ್ಟಂಪಿನಿಂದ ಒಂದು ಮೊಳ ಬಲಕ್ಕೆ, ಅಂಗೈ ಹಣೆಗೆ ಅಡ್ಡ ಹಿಡಿದು, ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದೇನೆ. ಅಲ್ಲಿಂದ ನೋಡಿದ್ರೆ ಆಫ್ ಕಡೆ ಬಾಲ್ ದೂರ ಕಾಣದೆ ಇನ್ನೇನು?

ಕ್ಯಾಪ್ಟನ್ ಹತ್ರ ಹೋಗಿದ್ದೆ. ಅವನು ಮೀನು ಮಾರ್ಕೆಟ್ ಹತ್ರ ಐಸ್ ಇಳಿಸ್ತಿದ್ದ. ತಪ್ಪಾಯ್ತು ಅಂದೆ. ಐಸ್ ಗಡ್ಡೆ ಕೆಳಗಿಡದೆ "ಆಯ್ತು ಅಣ್ಣಾ, ಗೆರೆ ಮಾತ್ರ ಸರಿ ಹಾಕ್ಸಿ" ಅಂದ. ಇನ್ನೇನು ಬೇಕು ನನಗೆ.

ಗೆರೆ ನಾನೇ ಹಾಕಿದೆ. ಅಂಗಡಿಯ ಟೇಪ್ ತಗೊಂಡು ಹೋಗಿ ಮಧ್ಯದ ಸ್ಟಂಪಿನಿಂದ 35 ಇಂಚು ಅಳೆದೆ. ಹುಡುಗರು ಸುತ್ತ ನಿಂತು ನಗ್ತಿದ್ರು. ಆಗ ಒಂದು ವಿಷಯ ಹೊಳೀತು: ಅವರ ಬ್ಯಾಟ್ ಅಳೆದ್ರೆ 34 ಇಂಚು. ಮಧ್ಯದ ಸ್ಟಂಪಿನ ನೇರಕ್ಕೆ ತುದಿ ಇಟ್ಟು ಬ್ಯಾಟ್ ಮಲಗಿಸಿದ್ರೆ ಹಿಡಿಕೆ ಮುಗಿದು ಒಂದು ಇಂಚಿಗೆ ಗೆರೆ. ಎರಡೂ ಕ್ಯಾಪ್ಟನ್‌ಗಳನ್ನ ಕರೆದು ಮಲಗಿಸಿ ತೋರಿಸಿದೆ. ಇನ್ನಿಂಗ್ಸ್ ಮಧ್ಯೆ ಸುಣ್ಣ ಅಳಿಸಿಹೋಗಿತ್ತು. ಪೆಂಡಾಲಿನ ಪಕ್ಕದ ಮನೆಯ ಅಮ್ಮ ರಂಗೋಲಿ ಪುಡಿ ಕೊಟ್ರು, ಮತ್ತೆ ಎಳೆದೆ. ನನ್ನ ಕಾಲಿಗೂ ಒಂದು ಚುಕ್ಕಿ ಇಟ್ಕೊಂಡೆ, ಅದರ ಮೇಲಿಂದ ಅಲುಗಾಡ್ಲಿಲ್ಲ. ಬಿಸಿಲಿಗೆ ಟೊಪ್ಪಿ.

ಅದೇ ಬೌಲರ್ ಆ ದಿನವೂ ಇದ್ದ, ಬೇರೆ ಟೀಮಿನ ಪರ. ಮೂರನೇ ಓವರಲ್ಲಿ ಅವನಿಗೊಂದು ವೈಡ್ ಕೊಟ್ಟೆ. ಟೀಚರ್ ಹೇಳಿದ ಹಾಗೆ ತಡೆದು, ಬಾಲ್ ಬಂದ ದಾರಿ ಮನಸ್ಸಲ್ಲಿ ಇನ್ನೊಮ್ಮೆ ನೋಡಿ ಕೊಟ್ಟೆ. ಅವನು ನನ್ನ ಕಡೆ ತಿರುಗಿ ನಿಧಾನಕ್ಕೆ ತನ್ನ ತಲೆ ಎರಡು ಸಲ ತಟ್ಟಿದ. ನನಗೆ ಹುಚ್ಚು ಅಂದನೋ, ಇವನೂ ಬೆಳಿಗ್ಗೆ ಐದಕ್ಕೆ ಎದ್ದು ಬೇಸ್‌ಬಾಲ್ ನೋಡ್ತಾನೋ, ಗೊತ್ತಾಗ್ಲಿಲ್ಲ.

ನಿನ್ನೆ ಅಂಗಡಿಗೆ ಬಂದಿದ್ದ, ಸ್ಪ್ಲೆಂಡರ್‌ಗೆ ಕ್ಲಚ್ ಕೇಬಲ್ ಬೇಕು ಅಂತ. ತೆಗೆದು ಕೊಟ್ಟೆ. ಹಳೇದರ ಪಕ್ಕ ಇಟ್ಟು, ಎರಡೂ ತುದಿ ಜೋಡಿಸಿ, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. ಆಮೇಲೆ "ಅಣ್ಣಾ, ಟೇಪ್ ಇದೆಯಲ್ಲ, ಒಮ್ಮೆ ಅಳೆದೇ ಕೊಡಿ" ಅಂದ.